ಮೂರನೆಯ ಮೊಳೆ

ಎರಡು ಮೊಳೆ ಹೊಡೆದಾದ ಮೇಲೆ
ನನ್ನನ್ನು ನೀರು ತರಲು ಕಳಿಸುತ್ತಿದ್ದ ಲಾಡಿಸ್ ವೊಬೊರಿಲ್.
ಕುದುರೆಗೆ ಬಾಯಾರಿರಲಿಲ್ಲ. ಬಕೆಟ್ಟು ತುಂಬಿಯೇ ಇರುತ್ತಿತ್ತು.
"ಹೋಗು ಆರ್ಡಿತ್," ಎನ್ನುವ,
ತುಟಿಯ ನಡುವೆ ಉಳಿದ ಮೊಳೆಗಳ ಸಂದಿನಿಂದ.
ನಾನು ತಿರುಗಿ ಬರುವಷ್ಟರಲ್ಲಿ ಮೂರನೆಯದು ಒಳಗೆ,
ಅದರ ತುದಿ ಮುರಿದು, ಮಡಚಿ, ಅರ ಹಾಕಿ ನುಣುಪು.
ಗುಟ್ಟೆಲ್ಲ ಅಲ್ಲೇ ಇದೆ ಅಂದುಕೊಂಡೆ.
ಹತ್ತೊಂಬತ್ತರ ಹುಡುಗಿ, ಮತ್ತೇನು ಅಂದುಕೊಳ್ಳಲಿ?

ನೆಬ್ರಾಸ್ಕಾದ ಮರಳುದಿಣ್ಣೆಗಳಲ್ಲಿ
ಒಬ್ಬ ಲಾಳದವನಿಂದ ಇನ್ನೊಬ್ಬನಿಗೆ ಎಪ್ಪತ್ತು ಮೈಲಿ.
ಪೆಟ್ರೋಲ್ ಬಂಕಿನಲ್ಲಿ ಎದುರಾದರೆ
ಗಾಳಿಯ ಮಾತು, ಹುಲ್ಲಿನ ಮಾತು.
ಕೆಲಸದ ಮಾತು ಬಂತೋ,
ಇಬ್ಬರೂ ಪಿಕಪ್ಪಿನ ಗಾಜು ಏರಿಸುವರು.
ಅಪ್ಪ ಮಗನಿಗೂ ಅರ್ಧವೇ ಹೇಳಿ ಸಾಯುವ ಕಸುಬು.

ಆಗ ಅಂಚೆಯಲ್ಲಿ ಬಂತು ಪತ್ರಿಕೆ,
ಎರಡು ತಿಂಗಳಿಗೊಮ್ಮೆ, ಮೂವತ್ತೆರಡು ಪುಟ,
ಮುಖಪುಟದ ಮೇಲೆ ಯಾರದೋ ಹೇಸರಗತ್ತೆಯ ಕಾಲು.
ಒಳಗೆ ಸೀಳಿದ ಗೊರಸಿನ ಚಿತ್ರ:
ಈರುಳ್ಳಿ ಹೆಚ್ಚಿದಂತೆ ಪದರ ಪದರ,
ನಡುವೆ ಒಂದು ಬಿಳಿಗೆರೆ,
ಆಚೆಗೆ ನೋವಿಲ್ಲದ್ದು, ಈಚೆಗೆ ಜೀವ,
ಮೊಳೆಗೆ ಸಿಗುವ ದಾರಿ ಗೋಧಿಕಾಳಿನಷ್ಟಗಲ.
ಲಾಡಿಸ್ ಕನ್ನಡಕ ಒರೆಸಿಕೊಂಡು ನೋಡಿದ.
"ಮನೆಯ ಬೀಗದ ಕೈ
ಸಂತೆಯಲ್ಲಿ ಹಂಚಿದ ಹಾಗಾಯ್ತು," ಎಂದು ಕುಲುಮೆಗೆಸೆದ.
ನಾನು ಇಕ್ಕಳದಲ್ಲಿ ಎತ್ತಿಕೊಂಡೆ. ಮೂಲೆ ಮಾತ್ರ ಸುಟ್ಟಿತ್ತು.

ಚಂದಾ ನಿಲ್ಲಿಸಲಿಲ್ಲ ಅವನು, ಅದೂ ಹೇಳಬೇಕು.
ಕೆಂಟಕಿಯ ಒಬ್ಬ, ಟಾಸ್ಮೇನಿಯಾದ ಇನ್ನೊಬ್ಬ
ಕಾದ ಲಾಳವೋ ತಣ್ಣನೆಯದೋ ಎಂದು
ಒಂಬತ್ತು ಸಂಚಿಕೆ ಜಗಳವಾಡಿದರು,
ಮುಖ ಕಾಣದವರು, ಮದುವೆಯಾದವರ ಹಾಗೆ.
ಟೆಕ್ಸಸ್ಸಿನವರು ನಾಲ್ಕು ಕಾಲಿಗೆ ಎಷ್ಟು ಕೇಳುತ್ತಾರೆಂದು ಓದಿದ ವಾರ
ಲಾಡಿಸ್ ತನ್ನ ದರ ನಾಲ್ಕು ಡಾಲರ್ ಏರಿಸಿದ,
ಕದ್ದವನಂತೆ ಕೆಂಪಾಗಿ.
ಪಶುವೈದ್ಯ ಎಕ್ಸ್‌ರೇ ಹಿಡಿದು ಬಂದ ಒಂದು ದಿನ,
ಮೊದಲ ಸಲ ಬಾಗಿಲು ತಟ್ಟಿ,
"ಈ ಮೂಳೆ ವಾಲಿದೆ, ಏನು ಮಾಡೋಣ?" ಎಂದು ಕೇಳಿದ.
ಮಾಡೋಣ, ಅಂದ. ಲಾಡಿಸ್ ಆ ಪದವನ್ನು
ಸಂಜೆಯ ತನಕ ಬಾಯಲ್ಲಿ ಹೊರಳಿಸಿದ.

ನಾನಂತೂ ಮೂರನೆಯ ಮೊಳೆಗಾಗಿ ಹುಡುಕಿದೆ
ಪುಟ ಪುಟ. ಎಲ್ಲ ಮೊಳೆಗಳೂ ಇದ್ದವು,
ಮೊದಲನೆಯದರಂತೆಯೇ ಇತ್ತು ಮೂರನೆಯದೂ.

ಮೂರನೆಯ ವರ್ಷ ಮಧ್ಯದ ಪುಟದಲ್ಲಿ ಒಂದು ಫಾರ್ಮು.
ಪೆನ್ಸಿಲ್ ಹಿಡಿಯಲು ಅವನ ಬೆರಳು ಮಡಚುತ್ತಿರಲಿಲ್ಲ;
ಅವನು ಹೇಳಿದ, ನಾನು ಬರೆದೆ.
ಎಷ್ಟು ವರ್ಷದಿಂದ? ಮೂವತ್ತೊಂಬತ್ತು.
ದಿನಕ್ಕೆಷ್ಟು ಕುದುರೆ? ಆರು.
ನೋವು? ಇದೆ.
ಎಲ್ಲಿ? ಸೊಂಟ.
ಯಾವಾಗ?
ಬೇಲಿಯಾಚೆ ನೋಡುತ್ತ ನಿಂತ.
"ಮೂರನೇ ಮೊಳೆಗೆ," ಅಂದ. "ಹಾಗೇ ಬರಿ."

ಅಂಚೆಯಲ್ಲಿ ವಾಪಸು ಬಂದವು
ಆರುನೂರ ಹನ್ನೊಂದು ಸೊಂಟಗಳು.
ಗೂಡಿನಲ್ಲಿ, ಗಾಳಿಯಲ್ಲಿ, ಹಿಮದಲ್ಲಿ
ಒಬ್ಬೊಬ್ಬರೇ ಬಾಗಿ ನಿಂತವರೆಲ್ಲ
ಎರಡು ಕಾಲಂನಲ್ಲಿ ಸಾಲಾಗಿ.
ಮ್ಯಾನಿಟೋಬಾದವನೊಬ್ಬ ಬರೆದಿದ್ದ:
"ಅರ ತಾ ಎಂದು ಮಗನನ್ನು ಕಳಿಸುತ್ತೇನೆ,
ಅರ ನನ್ನ ಕೈಯಲ್ಲೇ ಇರುತ್ತದೆ."
ಅದನ್ನು ಎರಡು ಸಲ ಓದಿಸಿಕೊಂಡ ಲಾಡಿಸ್,
ನಗಲು ಹೋಗಿ ಕೆಮ್ಮಿದ.

ಮಾರನೆಯ ದಿನ ಕಂದು ಹೆಣ್ಣುಕುದುರೆ. ಎಡ ಹಿಂಗಾಲು.
ಎರಡು ಮೊಳೆ ಆದವು.
ನಾನು ಬಕೆಟ್ಟಿನತ್ತ ಬಾಗಿದೆ, ಅಭ್ಯಾಸಬಲ.
ಅವನು ಏನೂ ಹೇಳಲಿಲ್ಲ.
ಕುದುರೆಯ ಪಕ್ಕೆಗೆ ಹಣೆಯಿಟ್ಟು, ಕಣ್ಣು ಮುಚ್ಚಿ
ಅಜ್ಜಿಯ ಚೆಕ್ ಭಾಷೆಯಲ್ಲಿ ಇಪ್ಪತ್ತರ ತನಕ ಎಣಿಸಿದ.
ಕುದುರೆಗೆ ಇದು ಹಳೆಯ ವಿಷಯ; ಕಿವಿಯೂ ಅಲುಗಲಿಲ್ಲ.
ಆಮೇಲೆ ಸುತ್ತಿಗೆಯನ್ನು ನನ್ನ ಕಡೆ ಚಾಚಿದ,
ಹಿಡಿಕೆ ಮುಂದಾಗಿ, ಬೈಯುತ್ತಲೇ.

ಆ ಸಂಚಿಕೆಯ ಹಿಂಪುಟದಲ್ಲಿ
ಸೊಂಟದ ಮುಲಾಮಿನ ಜಾಹೀರಾತಿತ್ತು.
ತರಿಸಿದೆವು.
ಏನೂ ಪ್ರಯೋಜನವಾಗಲಿಲ್ಲ.